ಹಗ್ಗದ ನರ

ಬಂದರಿನ ಹಿಂದಿನ ಬೀದಿಯಲ್ಲಿ ಹಗ್ಗದ ಅಂಗಡಿ ಇಟ್ಟುಕೊಂಡಿದ್ದವನನ್ನು ಎಲ್ಲರೂ ಗಂಟುಮೂತಿ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೇ ಹಾಗೆ ಕರೆಯುವ ಧೈರ್ಯ ಇದ್ದದ್ದು ಅವನ ಹೆಂಡತಿಗೆ. ಮೂತಿಯ ವಿಷಯದಲ್ಲಿ ಜನ ಹೇಳಿದ್ದು ಸುಳ್ಳಲ್ಲ, ಆದರೆ ಗಂಟು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಗಂಟು ಬಿದ್ದ ಜಾಗದಲ್ಲಿ ಹಗ್ಗದ ಅರ್ಧ ಶಕ್ತಿ ಸತ್ತುಹೋಗುತ್ತದೆ, ಎಳೆ ಬಿಡಿಸಿ ಒಂದರೊಳಗೊಂದು ಹೆಣೆದರೆ ಮಾತ್ರ ಶಕ್ತಿ ಉಳಿಯುತ್ತದೆ ಎಂದು ಮೂವತ್ತು ವರ್ಷದಿಂದ ಬಂದವರಿಗೆಲ್ಲ ಹೇಳುತ್ತಿದ್ದ. "ಹೆಣೆಯೋವರೆಗೆ ಕಾಯೋಕಾಗಲ್ಲ, ಒಂದು ಗಂಟು ಹಾಕಿ ಕೊಟ್ಟುಬಿಡಿ" ಎಂದ ಗಿರಾಕಿಯನ್ನು ಹೊಸಿಲಾಚೆಯೇ ನಿಲ್ಲಿಸಿ ಮಾತಾಡಿಸುತ್ತಿದ್ದ. ಅವನ ಬೂಟಿಗೂ ಲೇಸಿರಲಿಲ್ಲ.

ಅಂಗಡಿ ಒಂದೇ ಕೋಣೆ. ಎಡಗಡೆ ಗೋಡೆಯುದ್ದಕ್ಕೂ ಮರದ ಉರುಳೆಗಳಿಗೆ ಸುತ್ತಿದ ಹಗ್ಗಗಳು: ನೀರಲ್ಲಿ ತೇಲುವ ಹಗುರದ್ದು, ಹಿಗ್ಗದೆ ಬಿಗಿಯಾಗಿ ನಿಲ್ಲುವುದು, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ನೈಲಾನು. ಬಲಗಡೆ ಗೋಡೆ ಅವನ ಭಾವಮೈದನದು. ಎರಡು ವಾರ ಕೈಜೋಡಿಸಿ ಹೋಗುತ್ತೇನೆಂದು ಬಂದ ಈ ಹೆಂಡತಿಯ ತಮ್ಮ ಹನ್ನೊಂದು ವರ್ಷವಾದರೂ ಹೋಗಿರಲಿಲ್ಲ. ದೋಣಿ ಕಟ್ಟುವ ಗೂಟ, ಸರಪಣಿ, ಅದು ತಿರುಚಿಕೊಳ್ಳದಂತೆ ನಡುವೆ ಹಾಕುವ ತಿರುಗುಕೊಂಡಿ, ಅಡ್ಡಮೊಳೆ ತಿರುಗಿಸಿ ಮುಚ್ಚುವ ಲಾಳದಾಕಾರದ ಶಾಕಲ್‌ಗಳು, ಎಲ್ಲವನ್ನೂ ದಿನಾ ಬೆಳಿಗ್ಗೆ ತನ್ನ ಸ್ವಂತ ಟವೆಲಿನಿಂದ ಒರೆಸುತ್ತಿದ್ದ. ನಡುವೆ ಮೇಜು ಹಾಕಿಕೊಂಡು ಹೆಂಡತಿ ಕೂತಿರುತ್ತಿದ್ದಳು. ಅವಳ ಕೈಯಲ್ಲಿ ಕರೆಂಟಿನಲ್ಲಿ ಕಾಯುವ ಚಾಕು. ಅದು ಹಗ್ಗವನ್ನು ಕತ್ತರಿಸುತ್ತಲೇ ತುದಿಯನ್ನು ಕರಗಿಸಿ ಮುಚ್ಚಿಬಿಡುತ್ತಿತ್ತು. ಎರಡು ಗೋಡೆಗಳ ನಡುವಿನ ಜಗಳವನ್ನೂ ಅವಳು ಹೆಚ್ಚುಕಡಿಮೆ ಅದೇ ರೀತಿ ಮುಗಿಸುತ್ತಿದ್ದಳು.

ಜಗಳ ಒಂದೇ. ಏಳು ವರ್ಷದ ಹಿಂದೆ ಭಾವಮೈದ ಫಳಫಳ ಹೊಳೆಯುವ ಒಂದು ಶಾಕಲ್ ಮಾರಿದ್ದ. ಅದು ತಾಳುವ ಭಾರ ಎಷ್ಟೆಂದು ಅದರ ಮೈಮೇಲೆ ಅಚ್ಚಾಗಿರಲಿಲ್ಲ. ಕೊಂಡವನ ದೋಣಿ ಮಧ್ಯಾಹ್ನದ ನಿದ್ದೆಯ ಹೊತ್ತಲ್ಲಿ ಬಿಚ್ಚಿಕೊಂಡು, ತಾನೇ ಆಚೆ ದಡಕ್ಕೆ ಹೋಗಿ ನಿಂತಿತ್ತು. ಅಂದಿನಿಂದ ಗಂಟುಮೂತಿ ದಿನಕ್ಕೊಮ್ಮೆಯಾದರೂ "ಹೊಳೆಯೋದೆಲ್ಲ ಒಡವೆ ಅಂಗಡೀಲಿರಬೇಕು" ಎನ್ನುತ್ತಿದ್ದ. ಭಾವಮೈದ ತಿರುಗಿ ಮಾತಾಡುತ್ತಿರಲಿಲ್ಲ. ಒಳಗೊಳಗೇ ಕಬ್ಬಿಣ, ತುಕ್ಕುಗಳ ಬಗ್ಗೆ ಪುಸ್ತಕ ತರಿಸಿಕೊಂಡು ಓದುತ್ತಿದ್ದ.

ಹೀಗಿರುವಾಗ ಒಂದು ಗುರುವಾರ ಹಲ್ಲಿನ ಡಾಕ್ಟರು ಅಂಗಡಿಗೆ ಬಂದರು. ನಲವತ್ತು ವರ್ಷ ಬೇರೆಯವರ ಬಾಯೊಳಗೆ ನೋಡಿ ನೋಡಿ ಸಾಕಾಗಿ, ಬಯಲಲ್ಲಿ ಬದುಕಬೇಕೆಂದು ನಿವೃತ್ತರಾದ ವಾರವೇ ಸಣ್ಣ ಕೋಣೆಯಿರುವ ದೋಣಿಯೊಂದನ್ನು ಕೊಂಡಿದ್ದರು. ಅದರ ಎಂಜಿನ್ ಎರಡನೇ ದಿನವೇ ಮುಷ್ಕರ ಹೂಡಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಕೊಲ್ಲಿಯ ಆಚೆಯ ರಿಪೇರಿ ಕಟ್ಟೆಗೆ ಎಳೆದುಕೊಂಡು ಹೋಗಲು ಸೈರನ್ನಮ್ಮ ಒಪ್ಪಿದ್ದಳು. ಸೈರನ್ನಮ್ಮ ಎಂದರೆ ಬಂದರಿನ ಟಗ್ ದೋಣಿಯ ಒಡತಿ. ಅವಳ ಟಗ್‌ಗೆ ಸೈರನ್ ಇರಲಿಲ್ಲ, ಗಂಟಲೇ ಸಾಕಾಗುತ್ತಿತ್ತು.

"ಎಳೆಯೋಕೆ ಒಂದು ಉದ್ದನೆಯ ಹಗ್ಗ ಬೇಕು, ಆಮೇಲೆ ಕಟ್ಟೆಗೆ ಕಟ್ಟಿಡೋಕೆ ನಾಲ್ಕು" ಎಂದರು ಡಾಕ್ಟರು. "ಇದು ಚೆನ್ನಾಗಿದೆಯಲ್ಲ, ಕೈಗೆ ಎಷ್ಟು ಮೆತ್ತಗಿದೆ."

ಅವರು ಮುಟ್ಟಿದ್ದು ಹೋದ ತಿಂಗಳಷ್ಟೇ ಬಂದಿದ್ದ ಹೊಸ ಉರುಳೆಯನ್ನು. ಗಂಟುಮೂತಿಯ ಜೀವನವೆಲ್ಲ ಮೂರೆಳೆಯ ಹುರಿಹಗ್ಗದಲ್ಲಿ ಕಳೆದಿತ್ತು. ಇದು ಹಾಗಲ್ಲ. ಜಡೆಯಂತೆ ಹೆಣೆದ ಹಗ್ಗ, ಅದರ ಮೇಲೆ ಜಡೆಯಂತೆಯೇ ಹೆಣೆದ ಇನ್ನೊಂದು ಹೊದಿಕೆ. ಭಾರವನ್ನು ಒಳಗಿನ ತಿರುಳು ಅರ್ಧ, ಹೊರಗಿನ ಹೊದಿಕೆ ಅರ್ಧ ಹೊರುತ್ತದೆ.

"ನೈಲಾನು, ಎಳೆಯೋಕೆ ಒಳ್ಳೇದೇ" ಎಂದು ಗಂಟುಮೂತಿ ಒಪ್ಪಿಕೊಂಡ. "ಅಲೆ ಜಗ್ಗಿದಾಗ ಹಿಗ್ಗಿ ತಾನೇ ಪೆಟ್ಟು ತಿನ್ನುತ್ತೆ, ದೋಣಿಗೆ ಬಿಡಲ್ಲ. ಎರಡು ತುದೀಲೂ ಕಣ್ಣು ಹೆಣೆದು ಕೊಡ್ತೀನಿ. ಶನಿವಾರ ಬನ್ನಿ."

ಕಣ್ಣು ಎಂದರೆ ಹಗ್ಗದ ತುದಿಯನ್ನು ಬಳಸಿ ತಂದು ಅದರೊಳಗೇ ಹೆಣೆದು ಮಾಡುವ ಕುಣಿಕೆ. ಡಾಕ್ಟರು ಹೋದ ಮೇಲೆ ಹೆಂಡತಿ ಚಾಕುವಿನ ಸ್ವಿಚ್ಚು ಆರಿಸಿದಳು.

"ಈ ಥರದ್ದು ನೀವು ಯಾವತ್ತಾದ್ರೂ ಹೆಣೆದಿದ್ದೀರಾ?"

"ಹಗ್ಗ ಹಗ್ಗಾನೇ."

"ಉರುಳೆ ಜೊತೆ ಒಂದು ಚೀಟಿ ಬಂದಿತ್ತಲ್ಲ, ಚಿತ್ರ ಎಲ್ಲ ಇತ್ತು..."

"ಮೂವತ್ತು ವರ್ಷ ಹೆಣೆದವನಿಗೆ ಚಿತ್ರ ತೋರಿಸ್ತಾರಾ? ಕಸಕ್ಕೆ ಹಾಕಿದೆ."

ಹೆಂಡತಿ ಚಾಕುವಿನ ಸ್ವಿಚ್ಚು ಮತ್ತೆ ಹಾಕಿದಳು. ಚೀಟಿಯನ್ನು ಅವಳು ಅವತ್ತೇ ಕಸದಿಂದ ಎತ್ತಿ, ಒರೆಸಿ, ಮೇಜಿನ ಗಾಜಿನಡಿ ಇಟ್ಟಿದ್ದಳು.

ಶುಕ್ರವಾರ ಇಡೀ ದಿನ ಗಂಟುಮೂತಿ ಆ ಹಗ್ಗದೊಂದಿಗೆ ಗುದ್ದಾಡಿದ. ಬಿಡಿಸಲು ಹೋದರೆ ಮೂರೆಳೆ ಇಲ್ಲ, ಮೂವತ್ತೆರಡು ಸಣ್ಣ ಎಳೆಗಳು ಚೆಲ್ಲಾಪಿಲ್ಲಿಯಾದವು. ತಿರುಳನ್ನು ಒಂದಿಷ್ಟು ಕತ್ತರಿಸಿ ಬಿಸಾಕಿ, ಹೊದಿಕೆಯನ್ನು ಹೇಗೋ ತೂರಿಸಿ, ಅದರ ಮೇಲೆ ಮೇಣ ಹಚ್ಚಿದ ದಾರವನ್ನು ಬಿಗಿಯಾಗಿ ಗೇಣುದ್ದ ಸುತ್ತಿದ. ಕಣ್ಣಿನ ಒಳಗೆ ಹಗ್ಗ ಸವೆಯದಂತೆ ಕಬ್ಬಿಣದ ಬಳೆ ಕೂರಿಸಿದ. ಸುತ್ತು ಎಷ್ಟು ಅಂದವಾಗಿತ್ತೆಂದರೆ ಒಳಗೆ ಏನಾಗಿದೆ ಎಂದು ಕೇಳಲು ಯಾರಿಗೂ ಮನಸ್ಸಾಗುವಂತಿರಲಿಲ್ಲ.

ಹೆಂಡತಿ ಮಾತ್ರ ನೋಡಿ, "ಬ್ಯಾಂಡೇಜು ಚೆನ್ನಾಗಿದೆ. ಗಾಯ ಎಲ್ಲಿ?" ಎಂದಳು.

ಅವನು ಕೇಳಿಸದವನಂತೆ ಭಾವಮೈದನ ಕಡೆ ತಿರುಗಿದ. "ಎಲ್ಲಿ, ನಿನ್ನ ಒಡವೆ ತೋರಿಸು."

ಭಾವಮೈದ ಕೊಟ್ಟದ್ದು ಬೂದು ಬಣ್ಣದ, ಸತುವಿನ ಲೇಪದ, ಮೂಸಂಬಿ ಸಿಪ್ಪೆಯಂತೆ ಒರಟಾದ ಶಾಕಲ್. ಎಷ್ಟು ಟನ್ ತಾಳುತ್ತದೆಂದು ಅದರ ಮೈಮೇಲೆ ಅಚ್ಚು ಒತ್ತಿತ್ತು. ಅಡ್ಡಮೊಳೆ ತಾನಾಗಿ ತಿರುಗಿ ಬಿಚ್ಚದಂತೆ ತೂತಿಗೆ ತಂತಿ ಪೋಣಿಸಿ ಬಿಗಿದಿತ್ತು. ಗಂಟುಮೂತಿ ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ, ಸುತ್ತಿಗೆಯಿಂದ ತಟ್ಟಿ ಕಿವಿಗೆ ಹಿಡಿದ.

"ಇದೇನು, ಹೊಳೆಯೋದು ಮುಗಿದೋಯ್ತಾ?"

"ಭಾವ, ಹಗ್ಗಕ್ಕಿಂತ ಶಾಕಲ್ ಗಟ್ಟಿ ಇರಬೇಕು. ಲೆಕ್ಕ ಹಾಕಿ ಆರಿಸಿದ್ದೀನಿ. ಒಂದು ಹೆಚ್ಚಿಗೆ ಶಾಕಲ್ಲು, ಒಂದು ಬಳೆ ಹಗ್ಗದ ಚೀಲದಲ್ಲಿಟ್ಟಿದ್ದೀನಿ. ಬೇಕಾಗಬಹುದು."

"ಬೇಕಾಗುತ್ತೆ, ಬೇಕಾಗುತ್ತೆ. ನಿನ್ನ ಕೈಗುಣ ನನಗೆ ಗೊತ್ತಿಲ್ವಾ? ಭಾನುವಾರ ನಾನೇ ದೋಣೀಲಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀನಿ."

ಹಾಗೆ ಭಾನುವಾರ ಗಂಟುಮೂತಿ ಡಾಕ್ಟರ ಜೊತೆ ಅವರ ದೋಣಿಯಲ್ಲಿ, ಭಾವಮೈದ ಮುಂದಿನ ಟಗ್‌ನಲ್ಲಿ. ಬಿಸಿಲು ಹಿತವಾಗಿತ್ತು, ದಂಡೆಯ ಮೇಲಿನ ಹಾದಿಯಲ್ಲಿ ರಜೆಯ ಜನ ನಾಯಿ ಹಿಡಿದುಕೊಂಡು ಅಡ್ಡಾಡುತ್ತಿದ್ದರು.

"ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು!" ಎಂದು ಸೈರನ್ನಮ್ಮ ಕೂಗಿದಳು. ದಂಡೆಯ ನಾಯಿಗಳೂ ಪಕ್ಕಕ್ಕೆ ಸರಿದವು. "ನೈಲಾನು ಕಿತ್ತರೆ ಚಾವಟಿ! ತಲೆ ಒಳಗೆ!"

ದೋಣಿಯಲ್ಲಿದ್ದ ಇಬ್ಬರೂ ಹಿಂದಕ್ಕೆ ಹೋಗಿ ಕೂತರು. ಟಗ್ ಮೆಲ್ಲಗೆ ಹೊರಟಿತು, ಹಗ್ಗ ನೀರಿನಿಂದೆದ್ದು ಹನಿ ಉದುರಿಸುತ್ತ ಬಿಗಿಯಾಯಿತು, ದೋಣಿ ವಿಧೇಯವಾಗಿ ಹಿಂಬಾಲಿಸಿತು. ಕೊಲ್ಲಿಯ ಮಧ್ಯಕ್ಕೆ ಬಂದಾಗ ದೊಡ್ಡ ಹಡಗೊಂದು ದೂರದಲ್ಲಿ ಹಾದುಹೋಗಿ, ಅದರ ಅಲೆ ಇವರವರೆಗೂ ಬಂತು. ದೋಣಿ ಒಮ್ಮೆ ಏರಿ ಇಳಿಯಿತು. ಹಗ್ಗ ಗುಂಯ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ, ಯಾಕೆಂದರೆ ಅದರ ಟಗ್ ಕಡೆಯ ತುದಿ ಹಾರಿ ನೀರಿಗೆ ಬಿದ್ದಿತ್ತು.

ಟಗ್ ಮುಂದೆ ಹೋಯಿತು. ದೋಣಿ ಇಳಿತದ ನೀರಿನ ಜೊತೆ ಅಡ್ಡಡ್ಡಲಾಗಿ ತೇಲಿ, ಆರಾಮವಾಗಿ ದಂಡೆಯ ಹಾದಿಯ ಮುಂದಿನ ಕೆಸರುದಿಬ್ಬಕ್ಕೆ ಹೋಗಿ ಕೂತುಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಗಂಟುಮೂತಿ ಮಾತ್ರ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಏಳು ವರ್ಷದ ಸಂಕಟವನ್ನೆಲ್ಲ ಸೇರಿಸಿ ಕೂಗಿದ.

"ನಾನು ಹೇಳಿರ್ಲಿಲ್ವೇನೋ! ಶಾಕಲ್ಲು! ನಿನ್ನ ದರಿದ್ರ ಶಾಕಲ್ಲು! ಎಲ್ಲರ ಜೀವ ತೆಗೀತಿದ್ಯಲ್ಲೋ!"

ದಂಡೆಯ ಜನ ನಿಂತರು. ಟಗ್ ಹಿಂತಿರುಗಿ, ಕೆಸರಿಗೆ ಸಿಗದಷ್ಟು ದೂರದಲ್ಲಿ ನಿಂತಿತು. ಸೈರನ್ನಮ್ಮ ಯಾವತ್ತೂ ಬಳಸದೆ ಧೂಳು ಹಿಡಿದಿದ್ದ ಮೈಕನ್ನು ಭಾವಮೈದ ಎತ್ತಿಕೊಂಡ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕೆಟ್ಟದ್ದಾಗಿತ್ತು.

"ಭಾವ. ಶಾಕಲ್ ನನ್ನ ಕೈಯಲ್ಲೇ ಇದೆ. ಚೆನ್ನಾಗಿದೆ. ತಂತಿ ಕೂಡ ಹಾಗೇ ಇದೆ. ಕಬ್ಬಿಣದ ಬಳೆ ಇದೆ, ನೀವು ಸುತ್ತಿದ ದಾರ ಇದೆ, ಹೊದಿಕೆ ಒಂದು ಮೊಳ ಇದೆ." ಅವನು ಎತ್ತಿ ತೋರಿಸಿದ, ಕಾಲಿನಿಂದ ಕಳಚಿದ ಕಾಲುಚೀಲದಂತೆ ಏನೋ ಜೋಲಾಡಿತು. "ಹಗ್ಗ ಮಾತ್ರ ಒಳಗಿಂದ ಜಾರ್ಕೊಂಡು ಹೋಗಿದೆ."

ಮೈಕಿನ ದಯೆಯಿಂದ ಈ ವರದಿ ಎರಡು ಬೀದಿಯವರೆಗೂ ಕೇಳಿಸಿತು. ಗಂಟುಮೂತಿ ಕೂತುಬಿಟ್ಟ.

"ನೀರು ಮತ್ತೆ ಏರೋಕೆ ಆರು ಗಂಟೆ ಬೇಕು!" ಎಂದು ಸೈರನ್ನಮ್ಮ ಸಾರಿದಳು. "ಆಮೇಲೆ ಎಳೀತೀನಿ! ಹೆಣಿಗೆ ಗಿಣಿಗೆ ಬೇಡ, ಗಂಟು ಹಾಕಿ ಕೊಡಿ!"

"ಹೌದ್ರೀ, ಒಂದು ಗಂಟು ಹಾಕ್ಬಿಡಿ, ಮುಗೀತು!" ಎಂದು ದಂಡೆಯ ಮೇಲಿಂದ ಯಾರೋ ಸಲಹೆ ಕೊಟ್ಟರು. ಎರಡು ಗಂಟು ಉತ್ತಮ ಎಂದು ಇನ್ನೊಬ್ಬರು.

ನೀರು ಇಳಿಯುತ್ತ ಹೋದಂತೆ ದೋಣಿ ಒಂದು ಪಕ್ಕಕ್ಕೆ ವಾಲಿತು. ಇಬ್ಬರೂ ವಾಲಿದ ಬೆಂಚಿನ ಮೇಲೆ, ಜಾರದಂತೆ ಕಾಲು ಒತ್ತಿ ಕೂತರು. ಡಾಕ್ಟರು ಡಬ್ಬಿ ತೆಗೆದು ಸಕ್ಕರೆ ಹಾಕದ ಬಿಸ್ಕತ್ತು ಕೊಟ್ಟರು. ಅದರ ರುಚಿ ಉರುಳೆಯ ಮರದ ಹಾಗಿತ್ತು. ಗಂಟುಮೂತಿ ಮೂರು ತಿಂದ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು, ನಲವತ್ತು ವರ್ಷದ ಅಭ್ಯಾಸದ ಧ್ವನಿಯಲ್ಲಿ, ಕೇಳಿದರು. "ಯಾವಾಗಿನಿಂದ ಇದು?"

"ಯಾವುದು?"

"ಈ ನೋವು."

ಆ ಧ್ವನಿಗೆ ಬಾಯಿ ತೆರೆಯದವರು ಇರಲಿಲ್ಲ. "ಶುಕ್ರವಾರದಿಂದ" ಎಂದ ಗಂಟುಮೂತಿ. ಮತ್ತೆ, "ಅಲ್ಲ. ಆ ಉರುಳೆ ಅಂಗಡಿಗೆ ಬಂದ ದಿನದಿಂದ. ಆ ಹಗ್ಗ ಹೆಣೆಯೋಕೆ ನನಗೆ ಬರಲ್ಲ, ಡಾಕ್ಟ್ರೇ. ಒಳಗಿನ ತಿರುಳು ಕತ್ತರಿಸಿ ಬಿಸಾಕಿಬಿಟ್ಟೆ. ಯಾರನ್ನ ಕೇಳಲಿ? ಎಲ್ಲರೂ ನನ್ನನ್ನೇ ಕೇಳೋದು."

ಹೇಳಿದ ಮೇಲೆ ಅವನು ದಂಡೆಯ ಕಡೆ ನೋಡಿದ, ಯಾರಿಗಾದರೂ ಕೇಳಿಸಿತೇ ಎಂದು. ಯಾರೂ ನೋಡುತ್ತಿರಲಿಲ್ಲ, ಒಬ್ಬಾತ ಮಾತ್ರ ಇನ್ನೂ ಕೈಸನ್ನೆಯಲ್ಲಿ ಗಂಟು ಹಾಕಿ ತೋರಿಸುತ್ತಿದ್ದ.

"ಆಯ್ತು, ಗಂಟೇ ಹಾಕೋಣ" ಎಂದ ಗಂಟುಮೂತಿ. ಮಾತು ಹೊರಬಂದದ್ದು ಹೇಗೆಂದು ಅವನಿಗೇ ತಿಳಿಯಲಿಲ್ಲ.

"ಹಲ್ಲು ನೋವು ಅಂದ ತಕ್ಷಣ ಕೀಳ್ತೀವೇನ್ರೀ? ಮೊದಲು ನೋಡೋಣ, ತನ್ನಿ ಇಲ್ಲಿ" ಎಂದರು ಡಾಕ್ಟರು.

ನೀರಲ್ಲಿ ಬಿದ್ದಿದ್ದ ಹಗ್ಗವನ್ನು ಎಳೆದುಕೊಂಡು, ತೊಳೆದು, ಹಾಳಾದ ತುದಿಯನ್ನು ಕತ್ತರಿಸಿದರು. ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ಕತ್ತರಿಸಿದ ಜಾಗವನ್ನು ಹತ್ತಿರದಿಂದ ನೋಡಿದರು. ಹೊರಗೆ ಗಟ್ಟಿ ಹೊದಿಕೆ, ಒಳಗೆ ಸಣ್ಣ ಬಿಳಿ ತಿರುಳು.

"ಅಯ್ಯೋ, ಇದು ನರ!" ಎಂದರು. ಅವರ ಮುಖ ಹತ್ತು ವರ್ಷ ಚಿಕ್ಕದಾಯಿತು. "ಹಲ್ಲೊಳಗೆ ಇರೋ ಹಾಗೇ ಇದೆಯಲ್ರೀ! ಇದನ್ನ ಕತ್ತರಿಸಿ ಬಿಸಾಕಿದ್ರಾ? ಇದನ್ನ ಹೊರಗೆ ತೆಗೀಬೇಕು, ಜೋಪಾನವಾಗಿ!" ಅವರು ದೋಣಿಯ ಕೋಣೆಗೆ ಇಳಿದು, ಅಲ್ಲೇನೋ ಬೀಳಿಸಿ, ಚರ್ಮದ ಸುರುಳಿಯೊಂದನ್ನು ತಂದರು. ಬಿಚ್ಚಿದರೆ ಸಾಲಾಗಿ ಕೊಕ್ಕೆ, ಚಿಮಟ, ಸಣ್ಣ ಕನ್ನಡಿ. ನಿವೃತ್ತರಾದರೂ ಬಿಟ್ಟಿರಲಾರದೆ ತಂದುಕೊಂಡಿದ್ದರು.

ಅಷ್ಟರಲ್ಲಿ ಗಂಟುಮೂತಿಯ ಫೋನು ಹೊಡೆದುಕೊಂಡಿತು. ಹೆಂಡತಿ. ಸುದ್ದಿ ಅಂಗಡಿಯವರೆಗೆ ನಡೆದುಕೊಂಡೇ ಹೋಗಿತ್ತು.

"ಈಗ ಚೀಟಿ ಓದಲಾ?" ಎಂದಳು, ಬೇರೇನನ್ನೂ ಕೇಳದೆ.

ಅವನು ಫೋನನ್ನು ಒಂದು ಕ್ಷಣ ಎದೆಗೆ ಒತ್ತಿಕೊಂಡು, ಆಮೇಲೆ ಸ್ಪೀಕರ್ ಹಾಕಿ ಬೆಂಚಿನ ಮೇಲಿಟ್ಟ. ವಾಲಿದ ಬೆಂಚಿನಿಂದ ಅದು ಜಾರಿ ಬಿಸ್ಕತ್ತಿನ ಡಬ್ಬಿಯೊಳಗೆ ಬಿತ್ತು. ಅಲ್ಲೇ ಬಿಟ್ಟರು, ಡಬ್ಬಿಯಲ್ಲಿ ಧ್ವನಿ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು.

"ಒಂದು. ತುದಿಯಿಂದ ಅಳತೆ ಮಾಡಿ ಗುರುತು ಹಾಕಿ. ಎರಡು. ಗುರುತಿನ ಹತ್ತಿರ ಹೊದಿಕೆಯ ಎಳೆಗಳನ್ನ ಅಗಲಿಸಿ ತಿರುಳನ್ನ ಹೊರಗೆ ತೆಗೀರಿ. ಒಂದು ಎಳೇನೂ ಕತ್ತರಿಸಬಾರದು. ಕೇಳಿಸ್ತಾ? ಒಂದು ಎಳೇನೂ."

"ಕೇಳಿಸ್ತು" ಎಂದ ಗಂಡ.

ಡಾಕ್ಟರು ಕೊಕ್ಕೆಯ ತುದಿಯಿಂದ ಹೊದಿಕೆಯನ್ನು ಅಗಲಿಸಿ, ತಿರುಳನ್ನು ಹಿಡಿದು, ಉಸಿರು ಬಿಗಿಹಿಡಿದು ಎಳೆದರು. ತಿರುಳು ಸರ್ರನೆ ಈಚೆ ಬಂತು. "ನೋಯಲ್ಲ, ನೋಯಲ್ಲ" ಎಂದು ಅವರು ಹಗ್ಗಕ್ಕೆ ಸಮಾಧಾನ ಹೇಳಿದರು.

"ಮೂರು. ಹೊದಿಕೆಯನ್ನ ತಿರುಳಿನೊಳಗೆ ತೂರಿಸಿ. ನಾಲ್ಕು. ತಿರುಳನ್ನ ಹೊದಿಕೆಯೊಳಗೆ ತೂರಿಸಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಯಾವುದರೊಳಗೆ ಯಾವುದು?"

"ಅದರೊಳಗೆ ಇದು, ಇದರೊಳಗೆ ಅದು. ಮದುವೆ ಆಗಿ ಇಪ್ಪತ್ತೇಳು ವರ್ಷ ಆಯ್ತು, ಇನ್ನೂ ಅರ್ಥ ಆಗಲ್ವಾ?"

ತೂರಿಸಲು ಟೊಳ್ಳು ಸೂಜಿ ಬೇಕೆಂದು ಚೀಟಿ ಹೇಳಿತು. ಡಾಕ್ಟರು ನಿವೃತ್ತಿಯ ದಿನ ಉಡುಗೊರೆಯಾಗಿ ಬಂದ ಸ್ಟೀಲ್ ಪೆನ್ನನ್ನು ಜೇಬಿನಿಂದ ತೆಗೆದು, ಕರುಳು ಬಗೆದು, ಕೊಳವೆಯನ್ನಷ್ಟೇ ಉಳಿಸಿಕೊಂಡರು. ಮೊದಲ ಸಲ ಹೊದಿಕೆ ಹೊದಿಕೆಯೊಳಗೇ ಹೋಗಿ ಹಾವು ಬಾಲ ನುಂಗಿದಂತಾಯಿತು. ಎರಡನೆಯ ಸಲ ತಿರುಳು ತಿರುಗಿಕೊಂಡು ಡಾಕ್ಟರ ಅಂಗಿಯ ಗುಂಡಿಯನ್ನೂ ಸೇರಿಸಿಕೊಂಡಿತು. ಮೂರನೆಯ ಸಲ ಗಂಟುಮೂತಿ, "ಬಿಡಿ, ಎಳೆಯೋದು ನಾನು ಎಳೀತೀನಿ, ನೀವು ದಾರಿ ತೋರಿಸಿ" ಎಂದ. ಡಾಕ್ಟರಿಗೆ ಒಳಗೆ ಎಲ್ಲಿ ಏನಿದೆ ಎಂದು ಬೆರಳಲ್ಲೇ ಕಾಣುತ್ತಿತ್ತು. ಗಂಟುಮೂತಿಗೆ ಎಷ್ಟು ಬಿಗಿ ಇದ್ದರೆ ಸರಿ ಎಂದು ಅಂಗೈಗೆ ಗೊತ್ತಿತ್ತು. ಭಾವಮೈದ ಚೀಲದಲ್ಲಿಟ್ಟಿದ್ದ ಹೆಚ್ಚಿನ ಬಳೆಯನ್ನು ಕಣ್ಣಿನೊಳಗೆ ಕೂರಿಸಿದರು. ಕೂರಿಸುವಾಗ ಗಂಟುಮೂತಿ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಕೊನೇದು. ಹೊದಿಕೆಯನ್ನ ಕಣ್ಣಿನ ಕಡೆಗೆ ನೀವಿ ನೀವಿ ತನ್ನಿ. ಹಾಲು ಕರೆಯೋ ಹಾಗೆ ಅಂತ ಬರೆದಿದೆ."

ಇಬ್ಬರೂ ಹಗ್ಗದ ಆಚೆ ಈಚೆ ಕೂತು ಹಾಲು ಕರೆದರು. ದಂಡೆಯ ಮೇಲೆ ಜನ ಮತ್ತೆ ಸೇರಿದರು. ಹೊದಿಕೆ ಸರಿಯುತ್ತ ಬಂದು, ಒಳಗಿನದೆಲ್ಲವನ್ನೂ ನುಂಗಿ, ಕಣ್ಣಿನ ಕುತ್ತಿಗೆಯ ಬಳಿ ನಯವಾಗಿ ಮುಚ್ಚಿಕೊಂಡಿತು. ಸುತ್ತಿದ ದಾರವಿಲ್ಲ, ಮೇಣವಿಲ್ಲ. ಹಗ್ಗ ಹುಟ್ಟುವಾಗಲೇ ಕಣ್ಣಿಟ್ಟುಕೊಂಡು ಹುಟ್ಟಿದಂತಿತ್ತು.

ಆ ಕಡೆಯ ಹಳೆಯ ಬ್ಯಾಂಡೇಜೂ ಬೇಡವೆಂದು, ದೋಣಿಗೆ ಸಿಕ್ಕಿಸಿದ್ದ ತುದಿಯನ್ನೂ ಬಿಚ್ಚಿ ಹೊಸದಾಗಿ ಹೆಣೆದರು. ಅದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮಧ್ಯಾಹ್ನ ಕಳೆದು ನೀರು ಏರಿತು. ಭಾವಮೈದ ಸಣ್ಣ ಹುಟ್ಟುದೋಣಿಯಲ್ಲಿ ಬಂದು ಹಗ್ಗದ ತುದಿಯನ್ನು ಇಸಿದುಕೊಂಡ. ಕಣ್ಣನ್ನು ನೋಡಿದ, ಭಾವನನ್ನು ನೋಡಿದ, ಅದೇ ಬೂದು ಶಾಕಲ್ಲಿಗೆ ಸಿಕ್ಕಿಸಿ ತಂತಿ ಬಿಗಿದ.

"ಯಾರು ಹೆಣೆದದ್ದು?" ಎಂದು ಸೈರನ್ನಮ್ಮ ಕೂಗಿ ಕೇಳಿದಳು.

ಗಂಟುಮೂತಿ ಎದ್ದುನಿಂತ. "ಡಾಕ್ಟ್ರು ತಿರುಳು ತೆಗೆದ್ರು! ನನ್ನ ಹೆಂಡತಿ ಓದಿ ಹೇಳಿದ್ಲು! ನಾನು ಎಳೆದೆ!" ಎಂದು ಅಷ್ಟೇ ಜೋರಾಗಿ ಕೂಗಿದ. ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳಿಸಿತು.

"ಹಿಡಿಯುತ್ತಾ?"

"ಗೊತ್ತಿಲ್ಲ! ಹಗ್ಗದ ನೇರಕ್ಕೆ ಯಾರೂ ನಿಲ್ಲಬೇಡಿ!"

ಟಗ್ ಜಗ್ಗಿತು. ದೋಣಿಯ ತಳವನ್ನು ಕೆಸರು ಹಿಡಿದುಕೊಂಡಿತ್ತು; ತೇಲುವ ದೋಣಿಯನ್ನು ಎಳೆಯುವುದಕ್ಕಿಂತ ನಾಲ್ಕು ಪಟ್ಟು ಭಾರ. ಹಗ್ಗ ತೆಳುವಾಗುತ್ತ ಹೋಯಿತು, ಗುಂಯ್ಗುಟ್ಟಿತು, ನೀರಿನ ಹನಿಗಳನ್ನು ಹೊಗೆಯಂತೆ ಉಗುಳಿತು. ದಂಡೆಯ ಮೇಲೆ ಯಾರೂ ಸಲಹೆ ಕೊಡಲಿಲ್ಲ. ಗಂಟುಮೂತಿ ಡಾಕ್ಟರ ಕೈ ಹಿಡಿದುಕೊಂಡಿದ್ದ, ಅಥವಾ ಡಾಕ್ಟರು ಅವನದನ್ನು. ದೋಣಿ ಒಂದು ಸಲ ಎಡಕ್ಕೆ ಅಲುಗಿತು, ಒಂದು ಸಲ ಬಲಕ್ಕೆ, ಆಮೇಲೆ ದೊಡ್ಡದೊಂದು ಚಪ್ಪ್ ಸದ್ದಿನೊಂದಿಗೆ ಬುಡಸಮೇತ ಕೆಸರಿನಿಂದ ಕಿತ್ತುಕೊಂಡು ಬಂತು.

"ಬಂತು! ಬೇರು ಸಮೇತ ಬಂತು!" ಎಂದು ಡಾಕ್ಟರು ಕಣ್ಣು ಮುಚ್ಚಿ ಹೇಳಿದರು. ನಲವತ್ತು ವರ್ಷದಲ್ಲಿ ಇಂಥದ್ದೊಂದನ್ನು ಕಿತ್ತಿರಲಿಲ್ಲವಂತೆ.

ಸೋಮವಾರ ಅಂಗಡಿ ತೆರೆದಾಗ ಮೂವರೂ ತಂತಮ್ಮ ಜಾಗದಲ್ಲಿದ್ದರು. ಗಂಟುಮೂತಿ ಎಡಗಡೆಯ ಉರುಳೆಗಳನ್ನು ಸುಮ್ಮನೆ ಒಮ್ಮೆ ತಿರುಗಿಸಿದ. ಕೆಮ್ಮಿದ. ಕ್ಷಮೆ ಕೇಳುವುದು ಅವನು ಎಂದೂ ಮಾಡದ ಕೆಲಸ, ಅದಕ್ಕೆ ಚೀಟಿಯೂ ಇರಲಿಲ್ಲ. ಹೆಂಡತಿ ಚಾಕು ಬಿಸಿಗಿಟ್ಟು ಕಾಯುತ್ತಿದ್ದಳು. ಕೊನೆಗೆ ಅವನು ಕೋಣೆ ದಾಟಿ ಬಲಗಡೆಯ ಗೋಡೆಯ ಮುಂದೆ ಹೋಗಿ ನಿಂತ. ಹನ್ನೊಂದು ವರ್ಷದಲ್ಲಿ ಅಲ್ಲಿಗೆ ಬಯ್ಯಲು ಮಾತ್ರ ಹೋಗಿದ್ದ.

"ಡಾಕ್ಟ್ರ ದೋಣಿ ಕಟ್ಟಿಡೋಕೆ ನಾಲ್ಕು ಹಗ್ಗ ಬೇಕಲ್ಲ" ಎಂದ. "ಈ ತಿರುಗುಕೊಂಡಿ ಇದೆಯಲ್ಲ... ಇದನ್ನ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು? ನನಗೆ ಸರಿಯಾಗಿ ಗೊತ್ತಿಲ್ಲ."

ಭಾವಮೈದ ಟವೆಲನ್ನು ಕೆಳಗಿಟ್ಟ. ಅಕ್ಕನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಒಂದು ಸ್ಟೂಲನ್ನು ಎಳೆದು ಭಾವನನ್ನು ಕೂರಿಸಿ, ಮೊದಲಿಗೆ ತುಕ್ಕು ಎಂದರೇನು ಎಂಬಲ್ಲಿಂದ ಶುರುಮಾಡಿದ. ಊಟದ ಹೊತ್ತಿಗೆ ಉಪ್ಪುನೀರು ಮುಗಿದಿತ್ತು, ಸತುವಿನ ಲೇಪ ಇನ್ನೂ ಅರ್ಧ ಉಳಿದಿತ್ತು. ತಿರುಗುಕೊಂಡಿಯ ಸರದಿ ಬರಲು ಬುಧವಾರವಾಯಿತು. ಅಷ್ಟೂ ದಿನ ಗಂಟುಮೂತಿ ಸ್ಟೂಲಿನ ಮೇಲೆ ಕೂತು, ಒಮ್ಮೆಯೂ ಆಕಳಿಸದೆ, ಕೇಳಿಸಿಕೊಂಡ.